ತೊಲೆಯ ತೂಕ ಲೆಕ್ಕಕ್ಕಿಲ್ಲ

ಪುಸ್ತಕದ ತೊಲೆ ಎಂದೂ ನೆನೆಯುವುದಿಲ್ಲ.
ಎರಡು ತ್ರಿಕೋನಗಳ ಮೇಲೆ ಬೆನ್ನು ಚಾಚಿ ಮಲಗಿರುತ್ತದೆ,
ನಡುವೆ ಕೆಳಮುಖದ ಒಂದು ಬಾಣ,
ಅಡಿಯಲ್ಲಿ ಸಣ್ಣಕ್ಷರ:
ತೊಲೆಯ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸುಂಕೇರಿಯಲ್ಲಿ ನಮ್ಮ ಮನೆಗೂ ರಸ್ತೆಗೂ ನಡುವೆ
ನಾಲ್ಕು ಮೀಟರು ಉಪ್ಪುನೀರು.
ಮೇಲೊಂದು ತೆಂಗಿನ ಬೊಡ್ಡೆ, ಅದೇ ಸಂಕ.
ನಾಲ್ಕು ಜನ ಹೊತ್ತು ತಂದು ಹಾಕಿದ್ದು;
ತೂಕ ಲೆಕ್ಕಕ್ಕಿಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬೈತಖೋಲದಿಂದ ಸಂಜೆಯ ದೋಣಿಯ ಮೀನು ಹೊತ್ತು
ಕತ್ತಲಾದ ಮೇಲೆ ಬರುತ್ತಾಳೆ ಪ್ರೇಮಾವತಿ ಮಾವಶಿ.
ಅವಳು ಐವತ್ತು ಕಿಲೋ, ಬುಟ್ಟಿ ಮೂವತ್ತು,
ಗುರುತ್ವ ಹತ್ತೆಂದು ಹಿಡಿದರೆ ಎಂಟುನೂರು ನ್ಯೂಟನ್.
ರಸ್ತೆಯ ದಂಡೆಯಿಂದ ಒಂದು ಮೀಟರು ದಾಟಿದಾಗ
ಆ ದಂಡೆಗೆ ಆರುನೂರು, ನಮ್ಮ ದಂಡೆಗೆ ಇನ್ನೂರು.
ನಡುವಿಗೆ ಬಂದಾಗ ಸಮಪಾಲು.
ಬೊಡ್ಡೆ ಅತಿ ಹೆಚ್ಚು ಬಾಗುವುದೂ ಆವಾಗಲೇ.

ಇದನ್ನು ನಾನು ಪಾಲಿಟೆಕ್ನಿಕ್ಕಿನಲ್ಲಿ ಕಲಿತೆ.
ಅವಳು ಮೊದಲೇ ಹೇಳುತ್ತಿದ್ದಳು:
"ನಡೂ ಮಧ್ಯ ನಿಂತ್ಕೋಬೇಡ್ವೇ ಪೋರಿ."

ಒಂದು ರಾತ್ರಿ ಹಟಕ್ಕೆ ಬಿದ್ದು ಬೊಡ್ಡೆಯನ್ನೇ ತೂಗಿದೆ,
ಟೇಪು ಸುತ್ತಿ, ಸುತ್ತಳತೆಯಿಂದ ವ್ಯಾಸ ತೆಗೆದು.
ಎಂಬತ್ತೆಂಟು ಕಿಲೋ!
ಮಾವಶಿ, ಬುಟ್ಟಿ ಎರಡಕ್ಕಿಂತ ಭಾರ.
ಅಷ್ಟು ದಿನ ನಾನು ಬಿಟ್ಟುಬಿಟ್ಟಿದ್ದು ಅದನ್ನು.

ಆದರೆ ಭಾರ ಉದ್ದಕ್ಕೂ ಹರಡಿದ್ದರೆ
ಎಂಟರಿಂದ ಭಾಗಿಸಬೇಕು,
ಒಂದೇ ಕಡೆ ಕೂತರೆ ನಾಲ್ಕರಿಂದ.
ಹರಡಿದ್ದು ಅರ್ಧದಷ್ಟೇ ಬಾಗಿಸುತ್ತದೆ ಎಂದು ವಿವರಿಸಿದೆ.
ಮಾವಶಿ ಬುಟ್ಟಿ ಇಳಿಸಿ ಯೋಚಿಸಿದಳು.
"ಹಾಗಾದ್ರೆ ನಾಳೆಯಿಂದ ಬಂಗಡೆ ಎಲ್ಲ
ಸಂಕದ ಮೇಲೆ ಸಾಲಾಗಿ ಜೋಡಿಸ್ಕೊಂಡು ಬರ್ಲಾ?"

ಸಂಕಕ್ಕೊಂದು ದೀಪ ಹಾಕಬೇಕೆಂದದ್ದು ಆಮೇಲೆ.
ಅಣ್ಣನ ಹಳೇ ಸ್ಕೂಟರಿನ ಬ್ಯಾಟರಿ ಹನ್ನೆರಡು ವೋಲ್ಟು,
ಕೆಂಪು ಎಲ್‌ಇಡಿಗೆ ಎರಡು ಸಾಕು.
ಉಳಿದ ಹತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ಅರ್ಧ ಓಮ್.
ಅರ್ಧ ಎಂದರೆ ಇದ್ದರೂ ಇಲ್ಲದ ಹಾಗೆ,
ಬರೀ ತಂತಿ ಸಿಕ್ಕಿಸಿದೆ.
ದೀಪ ಒಮ್ಮೆ ಕಣ್ಣು ಹೊಡೆಯಿತು. ಆಮೇಲೆ ವಾಸನೆ.

ಬಿಟ್ಟುಹೋದದ್ದು ಒಂದೇ ಪದ, ಮಿಲಿ.
ಅದರೊಳಗೆ ಸಾವಿರ ಕೂತಿತ್ತು.

ಸರಿಯಾದ ಉತ್ತರ ಐನೂರು. ಪುಸ್ತಕದ ಕೊನೆಯಲ್ಲೂ ಐನೂರು.
ರೇಡಿಯೋ ರಿಪೇರಿಯ ಮಿಂಗೇಲ್‌ಬಾಬ ಡಬ್ಬಿ ಕೆದಕುತ್ತ ಅಂದ:
"ಐನೂರು ಅಂತ ಬರೂದೇ ಇಲ್ಲ.
ನಾನೂರಾ ಎಪ್ಪತ್ತಿದೆ, ಐನೂರಾ ಅರವತ್ತಿದೆ. ಯಾವ್ದು ಕೊಡ್ಲಿ?"
ಉತ್ತರ ಸರಿಯಿದ್ದೂ ಅಂಗಡಿಯಲ್ಲಿ ಸಿಗದಿರಬಹುದು
ಎಂದು ಯಾವ ಪಾಠದಲ್ಲೂ ಇರಲಿಲ್ಲ.
ದೊಡ್ಡದನ್ನೇ ತಗೊಂಡೆ. ಕಾಳಿನಷ್ಟು ಸಣ್ಣ ಮೈಗೆ
ಹಸಿರು, ನೀಲಿ, ಕಂದು ಪಟ್ಟಿ:
ಗಜನಿಯ ಪೈರು, ಆಚೆಯ ಸಮುದ್ರ, ನಮ್ಮಂಗಳದ ಕೆಸರು.

ಉತ್ತರಕ್ಕಿಂತ ತುಸು ಮಂಕಾಗಿ ಉರಿಯಿತು ದೀಪ,
ಬಿದಿರಿನ ಕೈತಾಂಗಿಗೆ ಕಟ್ಟಿದ್ದು.
ಆ ದಿನ ಉಬ್ಬರ, ನೀರು ಬೊಡ್ಡೆಯ ಹೊಟ್ಟೆ ಮುಟ್ಟುತ್ತಿತ್ತು.
ಮಾವಶಿ ಬಂದಳು, ಒಂದು ಮೀಟರು, ಒಂದೂವರೆ,
ನಡುವಲ್ಲಿ ನಿಂತಳು.
ನಿಂತು ದೀಪದ ಕಡೆ ಬಗ್ಗಿದಳು.

ಎಂಟುನೂರಕ್ಕೆ ಬೊಡ್ಡೆಯದು ನಾನೂರಾ ನಲವತ್ತು ಕೂಡಿಸು,
ಒದ್ದೆಯ ತೂಕ ಎಷ್ಟೋ ಗೊತ್ತಿಲ್ಲ,
ಒಳಗೆ ಹುಳ ತಿಂದದ್ದೂ ಗೊತ್ತಿಲ್ಲ.
ಪೆನ್ಸಿಲ್ ಹಲ್ಲಲ್ಲಿ ಕಚ್ಚಿ ಜಗಲಿಯ ಮೇಲೆ ನಾನು.
ಸಂಕ ಕಿರ್ರೆಂದಿತು.

"ಎಷ್ಟು ಬಿತ್ತೇ ಇದಕ್ಕೆ?"

"ಎರಡು ರೂಪಾಯಿ ಮಾವಶಿ, ದಾಟು, ಮೊದಲು ದಾಟು."